ಹ್ಯಾರಿಯೆಟ್‌ಳ ಕ್ಯಾಮೆಲಿಯಾ

ಅವ್ವನ ಶಾಲಿನ ಮೇಲೊಂದು ಬಿಳಿ ಎಸಳು ಅಂಟಿಕೊಂಡಿದೆ, ಬಸ್ಸು ಕುಲುಕಿದರೂ ಬೀಳುತ್ತಿಲ್ಲ, ಎರಡು ಸೀಟು ಮುಂದೆ ಕೂತಿದ್ದಾಳೆ, ಪಕ್ಕಕ್ಕೆ ಬಾ ಅಂದರೆ ಬ್ಯಾಡ ಬಿಡವಾ, ನಿಮ್ಮ ಮಂದಿ ಯಾರರ ಹತ್ತಿದ್ರ ನಿನಗ ನಾಚಿಕಿ ಆಕ್ಕೈತಿ ಅಂದಳು, ದನಿಯಲ್ಲಿ ಸಿಟ್ಟೇ ಇಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು — ನಮ್ಮ ಮಂದಿ, ಅಂದರೆ ಇಲ್ಲಿನ ಇಂಗ್ಲಿಷರ ಹಿಸ್ಟರಿ ಸೊಸೈಟಿಯವರು, ಭಾನುವಾರ ಅವರನ್ನು ಪಾರ್ಕಿನಲ್ಲಿ ಸುತ್ತಾಡಿಸಿ ಕಥೆ ಹೇಳುವವಳು ನಾನು, ಧಾರವಾಡದ ಸೌಜನ್ಯಾ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದೆಲ್ಲ ಡ್ರೇಕಾಟ್ ಮನೆತನದ ಹೂಗಿಡಗಳ ನರ್ಸರಿ, ಅಣ್ಣಂದಿರ ಹೆಸರಿನ ರಸ್ತೆಗಳಿವೆ, ತಂಗಿ ಹ್ಯಾರಿಯೆಟ್ ಯಾರಿಗೂ ಗೊತ್ತಿಲ್ಲ, ಕಸಿ ಕಟ್ಟುವುದರಲ್ಲಿ ಎತ್ತಿದ ಕೈ, ಆದರೆ ತೋಟದ ಆಳನ್ನೇ ಮದುವೆಯಾದಳು, ಅಲ್ಲಿಗೆ ಮುಗಿಯಿತು, ಬೀದಿಯಲ್ಲಿ ಎದುರಾದರೂ ಅಣ್ಣಂದಿರು ಯಾರೋ ಗೊತ್ತಿಲ್ಲ ಅನ್ನುತ್ತಿದ್ದರಂತೆ, ಅವಳದೆಂದು ಉಳಿದಿರುವುದು ಈ ಬಿಳಿ ಹೂವಿನ ಕ್ಯಾಮೆಲಿಯಾ ಗಿಡವೊಂದೇ — ಕಥೆ ಇಲ್ಲಿಗೆ ಬಂದಾಗ ದನಿ ತಗ್ಗಿಸುತ್ತೇನೆ, ಸ್ವಂತ ಮನೆಯವರೇ, ನೋಡಿ, ಸ್ವಂತ ಮನೆಯವರೇ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ, ನನಗೆ ಅದು ಇಷ್ಟ, ಥೂ ನನ್ನ ಜನ್ಮಕ್ಕೆ.

ಇವತ್ತು ಅವ್ವನನ್ನೂ ಕರೆತಂದಿದ್ದೆ, ಬೆಂಚಿನ ಮೇಲೆ ಕೂಡು ಅಂದಿದ್ದೆ, ಗುಂಪು ಕಟ್ಟಿಕೊಂಡು ಗಿಡದ ಹತ್ತಿರ ಬಂದರೆ ಅವ್ವ ಸೆರಗನ್ನು ಉಡಿ ಮಾಡಿಕೊಂಡು, ಟೊಂಗೆ ಬಗ್ಗಿಸಿ, ಹೂ ಕೀಳುತ್ತಿದ್ದಾಳೆ, ಊರಲ್ಲಿ ಬೆಳಗಾದರೆ ಯಾರ ಕಾಂಪೌಂಡಿನ ಹೂವಾದರೇನು, ಪೂಜೆಗೆ ಅಂದರೆ ಯಾರು ಬೇಡವೆನ್ನುತ್ತಾರೆ, ನನ್ನನ್ನು ಕಂಡು ಬಾಯ್ತುಂಬ ನಕ್ಕಳು, ನೋಡ ಬಾ, ಎಷ್ಟ ಛಂದ ಅದಾವ, ಲಿಂಗಪೂಜಿಗೆ ಆಗ್ತಾವ, ಸೊಸೈಟಿಯ ಮಾರ್ಗರೆಟ್ ನನ್ನ ಕಡೆ ತಿರುಗಿದಳು, ಇವರು ನಿಮ್ಮ ಪೈಕಿಯಾ, ನಾನು ತಲೆ ಅಲ್ಲಾಡಿಸಿದೆ, ಇಲ್ಲ, ಯಾರೋ ಗೊತ್ತಿಲ್ಲ — ಎಷ್ಟು ಸಲೀಸಾಗಿ ಬಂತು ಆ ಮಾತು, ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ತಲೆ ಅಲ್ಲಾಡಿಸಿದ್ದು ತಿಳಿಯದೆ ಇರುತ್ತದೆಯೇ, ನಗು ಅಲ್ಲೇ ನಿಂತಿತು, ಉಡಿಯ ಹೂವನ್ನೆಲ್ಲ ಗಿಡದ ಬುಡಕ್ಕೆ ಸುರಿದು ಮಾರ್ಗರೆಟ್‌ಗೆ ಕೈ ಮುಗಿದಳು, ಸಾರಿ ಸಾರಿ, ನನ್ನ ಪಕ್ಕದಲ್ಲೇ ಹಾದು ಹೋದಳು, ಮುಖ ನೋಡಲಿಲ್ಲ, ನಾನು ಓಡಿ ಹಿಡಿದುಕೊಳ್ಳಬೇಕಿತ್ತು, ನಾನು ಕಥೆ ಮುಗಿಸಿದೆ, ಅದೇ ಜಾಗದಲ್ಲಿ ಅದೇ ದನಿ ತಗ್ಗಿಸಿ, ಸ್ವಂತ ಮನೆಯವರೇ ಅಂದೆ, ನಾಲಿಗೆ ಬಿದ್ದುಹೋಗಲಿಲ್ಲ.

ರೇನರ್ಸ್ ಲೇನ್ ಬಂತು, ನಮ್ಮ ಸ್ಟಾಪ್, ಅವ್ವನಿಗೆ ಬೋರ್ಡು ಓದಲು ಬಾರದು, ಯಾವಾಗಲೂ ನನ್ನ ಮುಖ ನೋಡಿಯೇ ಏಳುವವಳು, ಈಗ ತಿರುಗುತ್ತಿಲ್ಲ, ಕೂಗಬೇಕು, ಯಾರು ಕೇಳಿದರೂ ಕೇಳಲಿ, ಕೂಗಿಯೇ ಬಿಟ್ಟೆ, ಅವ್ವಾ, ಇಳಿಯೂಣು ಬಾ, ಇಡೀ ಬಸ್ಸು ನನ್ನತ್ತ ನೋಡಿತು, ಅವ್ವನ ಪಕ್ಕದ ಹೆಂಗಸು ನನ್ನ ಕಡೆ ಬೆರಳು ಮಾಡಿ ಏನೋ ಕೇಳುತ್ತಿದ್ದಾಳೆ, ನಿಮ್ಮ ಮಗಳಾ ಎಂದೇ ಇರಬೇಕು, ಅವ್ವ ತಿರುಗದೆ, ಅವಳತ್ತ ನಗುತ್ತ, ತಲೆ ಅಲ್ಲಾಡಿಸುತ್ತಿದ್ದಾಳೆ, ಇಲ್ಲ, ಇಲ್ಲ, ಅತ್ತ ಇತ್ತ, ಅತ್ತ ಇತ್ತ —