ಕರೆಂಟ್ ಬರುವ ಮೊದಲು

ಮನೆಗೇ ಅಂಟಿದ ಆ ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ಅಣ್ಣ ತಮ್ಮಂದಿರದು, ಕಾರಿನ ಒಳಗಿನ ಕೆಲಸ ಅವರ ಹೆಂಡಿರದು. ಹಿರಿಯಳನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಕಾರುಗಳ ಡ್ಯಾಶ್‌ಬೋರ್ಡು, ಬಾಗಿಲ ಹಿಡಿಕೆ, ಸೀಟಿನ ಮುಂದಿರುವ ಸಣ್ಣ ಪೆಟ್ಟಿಗೆಯ ಮುಚ್ಚಳ, ಹೀಗೆ ಬಿರುಕು ಬಿಟ್ಟ, ಬಿಳಿಚಿಕೊಂಡ ಪ್ಲಾಸ್ಟಿಕ್ಕನ್ನು ಹೊಸದರಂತೆ ಮಾಡುವುದು ಅವಳ ಕಸುಬು. ಓರಗಿತ್ತಿ ಸೀಟು ಹೊಲಿಯುತ್ತಿದ್ದಳು. ಅವಳಿಗೆ ಸೂಜಿ ಎಂದು ಹೆಸರು ಬಿದ್ದದ್ದು ಹೊಲಿಗೆಯಿಂದಲೋ ನಾಲಿಗೆಯಿಂದಲೋ ಹೇಳುವುದು ಕಷ್ಟ.

ಇಬ್ಬರೂ ಮಾತು ಬಿಟ್ಟು ಅಂದಿಗೆ ನಾಲ್ಕು ದಿನ. ಕಾರಣ, ಹಲ್ಲಿನ ಡಾಕ್ಟರ ಕಾರಿನಲ್ಲಿದ್ದ ಅಂಥದೊಂದು ಪೆಟ್ಟಿಗೆಯ ಮುಚ್ಚಳ. ನಲವತ್ತೈದು ವರ್ಷದ ಹಿಂದಿನ ಕಾರು ಅದು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಆ ಕಾಲದ ಪ್ಲಾಸ್ಟಿಕ್ ನುಣುಪಲ್ಲ, ತೊಗಲಿನ ಹಾಗೆ ತರಿತರಿ. ಬಿರುಕನ್ನು ಬೆಸೆದು, ಪುಟ್ಟಿ ತುಂಬಿ, ಉಪ್ಪುಕಾಗದ ಹಾಕಿ ಉಜ್ಜಿದರೆ ಬಿರುಕಿನ ಜೊತೆಗೆ ತರಿಯೂ ಹೋಗಿಬಿಡುತ್ತದೆ. ಆಮೇಲೆ ಅದೇ ಕಾರಿನ ಕೆಡದ ಜಾಗದಿಂದ ರಬ್ಬರಿನಂಥ ಸಿಲಿಕೋನಿನಲ್ಲಿ ಅಚ್ಚು ತೆಗೆದು, ಹಸಿ ಪುಟ್ಟಿಯ ಮೇಲೆ ಒತ್ತಿ, ತರಿಯನ್ನು ಮತ್ತೆ ಮೂಡಿಸಬೇಕು. ಅದರ ಮೇಲೆ ಬಣ್ಣ. ಅಕ್ಕ ಇಷ್ಟನ್ನೂ ಅಚ್ಚುಕಟ್ಟಾಗಿ ಮಾಡಿದ್ದಳು. ಡಾಕ್ಟರು ಮುಚ್ಚಳದ ಮೇಲೆ ಬೆರಳಾಡಿಸಿ, "ಸಂದಿ ತುಂಬೋದ್ರಲ್ಲಿ ನೀವು ನನ್ನನ್ನೇ ಮೀರಿಸಿದ್ರಿ" ಎಂದು ನಕ್ಕಿದ್ದರು. ಆಗ ಹಿಂದೆ ನಿಂತಿದ್ದ ಸೂಜಿ, "ಬಣ್ಣ ಮಾತ್ರ ಒಂದು ಚೂರು ಕೆಂಪಗಾಯ್ತು" ಎಂದುಬಿಟ್ಟಳು. ಗಿರಾಕಿಯ ಎದುರಿಗೆ!

ಅಕ್ಕ ಮುಚ್ಚಳ ಬಿಚ್ಚಿಕೊಂಡು ಹಿಂದಿನ ಕೋಣೆಗೆ ಹೋಗಿದ್ದಳು. ಅಂದಿನಿಂದ ಊಟಕ್ಕೆ ಕರೆಯುವುದಕ್ಕೂ ತಟ್ಟೆ ಬಡಿಯುವುದೇ.

ಹಿಂದಿನ ಕೋಣೆ ಬಣ್ಣ ಒಣಗಿಸುವ ಜಾಗ. ಬಣ್ಣ ಸಿಂಪಡಿಸುವುದು, ಬೇಗ ಹೊತ್ತಿಕೊಳ್ಳುವ ಥಿನ್ನರ್ ಹಾಕಿ ಹಳೆಯ ಬಣ್ಣ ಒರೆಸುವುದು ಎಲ್ಲ ಅಂಗಳದಲ್ಲಿ. ಕೋಣೆಗೆ ಧೂಳು ಬರಬಾರದೆಂದು ಕಿಟಕಿಯನ್ನೇ ಇಟ್ಟಿರಲಿಲ್ಲ. ಸೂರಿನ ಎರಡು ಗಾಜಿನ ಹಂಚುಗಳಿಂದ ಬೆಳಕು ಬರುತ್ತಿತ್ತು. ಬಾಗಿಲ ಸುತ್ತ ದಪ್ಪ ಸ್ಪಂಜಿನ ಪಟ್ಟಿ. ಒಳಗೊಂದು ಬಲ್ಬು, ಸ್ವಿಚ್ಚು ಬಾಗಿಲ ಹೊರಗೆ. ಮೂಲೆಯಲ್ಲಿ ಕಾಯಿಲ್ ಹೀಟರ್. ಅದರ ವೈರು ಗೋಡೆಯ ತೂತಿನಿಂದ ಹೊರಗೆ ಹೋಗಿ, ಆಚೆ ಮೊಳೆಗೆ ತೂಗುಹಾಕಿದ ಸ್ವಿಚ್ ಬೋರ್ಡಿಗೆ ಸಿಕ್ಕಿಕೊಂಡಿತ್ತು. ಒಳಗೆ ಸ್ವಿಚ್ಚು ಇರಬಾರದು, ಕಿಡಿ ಹಾರಬಾರದು, ಮೊಬೈಲೂ ತರಬಾರದು: ಇವೆಲ್ಲ ಅಕ್ಕನೇ ಮಾಡಿದ ಕಟ್ಟಳೆ.

ಆ ಮಧ್ಯಾಹ್ನ ಗಂಡಂದಿರು ಕೆಟ್ಟು ನಿಂತ ಕಾರೊಂದನ್ನು ಎಳೆದು ತರಲು ಹೋಗಿದ್ದರು. ಕೋಣೆ ಬೆಚ್ಚಗಾಗಲೆಂದು ಅಕ್ಕ ಹೀಟರ್ ಹಾಕಿದ್ದಳು. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಅಂಗಳದಲ್ಲಿ ಗಾಳಿ, ಧೂಳು. ಮುಚ್ಚಳದ ಆ ಕೆಂಪು ಬಣ್ಣ ಅಳಿಸುವುದನ್ನು ಇವತ್ತೇ ಮುಗಿಸಬೇಕೆಂಬ ಹಟ. 'ಹೇಗೂ ಕರೆಂಟಿಲ್ಲ, ಹೀಟರ್ ಆರಿದೆ, ಒಳಗೇ ಒರೆಸಿದರಾಯಿತು' ಎಂದುಕೊಂಡು ಥಿನ್ನರಿನ ಐದು ಲೀಟರ್ ಡಬ್ಬ ಹಿಡಿದು ಒಳಗೆ ಹೋಗಿ, ಬಾಗಿಲು ಒತ್ತಿ ಮುಚ್ಚಿಕೊಂಡಳು.

ಬಟ್ಟೆಗೆ ಥಿನ್ನರ್ ತಾಕಿತೋ ಇಲ್ಲವೋ ಅನ್ನುವಷ್ಟೇ ಹಚ್ಚಿಕೊಳ್ಳಬೇಕು. ಹೆಚ್ಚಾದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಅವಳು ಬಾಗಿ ಮೂಲೆಯೊಂದನ್ನು ಒರೆಸುತ್ತಿದ್ದಾಗ ಮೊಣಕೈ ಸ್ಟೂಲಿನ ಮೇಲಿದ್ದ ಡಬ್ಬಕ್ಕೆ ತಾಗಿತು. ಡಬ್ಬ ಉರುಳಿತು. ಒರೆಸುತ್ತಿದ್ದ ಪೆಟ್ಟಿಗೆಯ ಮುಚ್ಚಳವೂ ಕೈಜಾರಿ ಬಿತ್ತು. ಅವಳು ಡಬ್ಬ ಎತ್ತಿ ನಿಲ್ಲಿಸುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಪಾಲಾಗಿತ್ತು. ಚಪ್ಪಲಿ ನೆನೆಯಿತು. ಥಿನ್ನರ್ ಇಳಿಜಾರು ಹುಡುಕಿಕೊಂಡು ಹರಿದು ಹೀಟರಿನ ಕಾಲ ಸುತ್ತ ನಿಂತಿತು.

ಆಗ ಅವಳಿಗೆ ನೆನಪಾಯಿತು. ಹೀಟರ್ ಆರಿದ್ದು ಕರೆಂಟ್ ಹೋಗಿದ್ದರಿಂದ. ಸ್ವಿಚ್ಚನ್ನು ಅವಳು ಆರಿಸಿರಲಿಲ್ಲ.

ಕರೆಂಟ್ ಬಂದರೆ ಕಾಯಿಲ್ ಕೆಂಪಗಾಗುತ್ತದೆ. ಕಾಯಿಲ್ ಕೆಂಪಗಾದರೆ? ಮುಂದಿನದನ್ನು ಯೋಚಿಸಲು ಹೋಗದೆ ಅವಳು ಬಾಗಿಲಿಗೆ ಹಾರಿದಳು. ಗಾಬರಿಯಲ್ಲಿ ಎಷ್ಟು ಬಲವಾಗಿ ಎಳೆದಳೋ, ಹಿಡಿಕೆ ಕಿತ್ತು ಕೈಗೆ ಬಂತು. ಬಾಗಿಲು ಸ್ಪಂಜಿನಲ್ಲಿ ಕಚ್ಚಿಕೊಂಡು ಕೂತಿತ್ತು. ಉಗುರು ಹಾಕಿದಳು. ಉಗುರು ಮುರಿಯಿತು.

"ಏ! ಬಾಗಿಲು ತೆಗಿಯೇ!"

ಮುಂದಿನ ಕೋಣೆಯಲ್ಲಿ ಸೂಜಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೀಟಿಗೆ ಕೈಹೊಲಿಗೆ ಹಾಕುತ್ತಿದ್ದಳು. ಅಕ್ಕನಿಗೆ ಅದು ಗೊತ್ತಿತ್ತು.

ಆ ಬೀದಿಯಲ್ಲಿ ಕರೆಂಟ್ ಹೋದರೆ ಐದು ನಿಮಿಷಕ್ಕೂ ಬರುತ್ತಿತ್ತು, ಎರಡು ಗಂಟೆಗೂ ಬರುತ್ತಿತ್ತು. ಹೋಗಿ ಎಷ್ಟು ಹೊತ್ತಾಯಿತು? ಲೆಕ್ಕ ಸಿಗಲಿಲ್ಲ. ಮೂಗು ಉರಿಯುತ್ತಿತ್ತು, ತಲೆ ಒಂದು ಸುತ್ತು ತಿರುಗಿ ಮತ್ತೆ ನೆಟ್ಟಗಾಯಿತು. ವೈರನ್ನು ಹಿಡಿದು ಎಳೆದಳು. ಆಚೆ ಬೋರ್ಡು ಗೋಡೆಗೆ ಬಡಿದ ಸದ್ದಾಯಿತೇ ಹೊರತು ಪ್ಲಗ್ಗು ಬಿಟ್ಟುಬರಲಿಲ್ಲ.

ಅಚ್ಚು ಕತ್ತರಿಸುವ ದೊಡ್ಡ ಕತ್ತರಿ ಮೇಜಿನ ಮೇಲೆಯೇ ಇತ್ತು. ವೈರು ಕತ್ತರಿಸಬಹುದು. ಆದರೆ ಕತ್ತರಿ ವೈರಿನೊಳಗೆ ಇಳಿದಿರುವ ಹೊತ್ತಿಗೇ ಕರೆಂಟ್ ಬಂದರೆ? ಕಿಡಿ ಅವಳ ಕೈಯಲ್ಲೇ ಹಾರುತ್ತದೆ. ಅವಳು ಕತ್ತರಿ ಹಿಡಿದುಕೊಂಡು ಸುಮ್ಮನೆ ನಿಂತಳು. ಹತ್ತಿರವೆಲ್ಲೋ ಗಡಿಯಾರ ನಡೆಯುವ ಸದ್ದು ಕೇಳಿಸಿದಂತಾಯಿತು, ಕೋಣೆಯಲ್ಲಿ ಗಡಿಯಾರವಿರಲಿಲ್ಲ.

ಥಿನ್ನರಿನ ಆವಿ ಭಾರ, ನೆಲದ ಹತ್ತಿರವೇ ಹೆಚ್ಚು ನಿಲ್ಲುತ್ತದೆ ಎಂದು ಕೆಲಸ ಕಲಿಸಿದವರು ಹೇಳಿದ್ದರು. ತೂತು ಎತ್ತರದಲ್ಲಿತ್ತು. ಅವಳು ಒದ್ದೆ ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದಳು. ವೈರನ್ನು ತೂತಿನ ಬಾಯಲ್ಲೇ ಕತ್ತರಿಗೆ ಕೊಟ್ಟು, ಕಣ್ಣು ಮುಚ್ಚಿ, ಎರಡೂ ಕೈಯಿಂದ ಅದುಮಿದಳು. ಮೇಲಿನ ಪದರ ಕಡಿಯಿತು, ಒಳಗಿನ ತಂತಿ ಕಡಿಯಲಿಲ್ಲ. ಮತ್ತೆ ಅದುಮಿದಳು. ಮೂರನೆಯ ಸಲಕ್ಕೆ ಕಟ್ ಎಂದಿತು. ವೈರಿನ ಒಂದು ಭಾಗ ಕೆಳಗೆ ಬಿತ್ತು.

ಉಳಿದ ತುಂಡು ಗೋಡೆಯಿಂದ ಇಣುಕುತ್ತಿತ್ತು. ಅದರ ತಾಮ್ರದ ಎಳೆಗಳು ಕೆದರಿ ಒಂದಕ್ಕೊಂದು ತಾಗಿಕೊಂಡಿದ್ದವು. ಕರೆಂಟ್ ಬಂದರೆ ಅಲ್ಲೇ ಕಿಡಿ! ಅವಳಿಗೆ ಅಳು ಬಂತು. ಕತ್ತರಿಯ ಹಿಡಿಯಿಂದ ಆ ತುಂಡನ್ನು ತೂತಿನಾಚೆಗೆ ನೂಕತೊಡಗಿದಳು. ಅದು ಇಷ್ಟಿಷ್ಟೇ ಆಚೆ ಹೋಯಿತು.

ದಾರದ ಉಂಡೆ ತರಲೆಂದು ಸೂಜಿ ಆ ಹೊತ್ತಿಗೆ ಎದ್ದು ಗೋಡೆಯಾಚೆ ಬಂದಿದ್ದಳು. ಗೋಡೆಯಿಂದ ವೈರು ಹುಳುವಿನಂತೆ ಹೊರಗೆ ತೆವಳುತ್ತಿರುವುದನ್ನು ಕಂಡು ಹೌಹಾರಿ ಇಯರ್‌ಫೋನ್ ಕಿತ್ತಳು.

"ಅಕ್ಕ? ಒಳಗಿದೀರಾ?"

ನಾಲ್ಕು ದಿನದ ಮೇಲೆ ಮೊದಲ ಮಾತು. ಸೂಜಿಯ ಅಭ್ಯಾಸ ಅಕ್ಕನಿಗೆ ಗೊತ್ತು: ಆ ಬಾಗಿಲ ಮುಂದೆ ನಿಂತರೆ ಕೈ ತಾನಾಗಿ ಲೈಟಿನ ಸ್ವಿಚ್ಚಿಗೆ ಹೋಗುತ್ತದೆ. ಒಳಗಿನ ಬಲ್ಬಿನ ಹೋಲ್ಡರ್ ಸಡಿಲ. ಹೊತ್ತಿದಾಗಲೆಲ್ಲ ಚಟಚಟ ಅನ್ನುತ್ತಿತ್ತು.

"ಲೈಟ್ ಹಾಕ್ಬೇಡ! ಲೈಟ್ ಹಾಕ್ಬೇಡ ಕಣೇ!"

ಸ್ಪಂಜಿನ ಬಾಗಿಲು ಮಾತಿನ ಬಾಲವನ್ನು ನುಂಗಿತು.

"ಹಾಕಿದೀನಿ ಅಕ್ಕ!" ಸೂಜಿ ಕೂಗಿದಳು. "ಕರೆಂಟೇ ಇಲ್ಲ. ಬಂದ್ಮೇಲೆ ಹತ್ತತ್ತೆ!"

ಅಕ್ಕ ಗೋಡೆ ಹಿಡಿದುಕೊಂಡು, ತೂತಿಗೆ ಬಾಯಿ ಹಚ್ಚಿ, ತಪ್ಪಿಯೂ ಬೇರೆ ಅರ್ಥ ಬಾರದಂಥ ಮಾತು ಹುಡುಕಿದಳು.

"ಮೇನ್ ಆಫ್! ಮೇನ್ ಆಫ್! ಥಿನ್ನರ್ ಚೆಲ್ಲಿದೆ! ಮೇನ್ ಆಫ್!"

ಆಚೆ ಓಡುವ ಹೆಜ್ಜೆ. ಏನೋ ಬಿದ್ದದ್ದು. ಸೂಜಿ "ಅಯ್ಯೋ" ಅಂದದ್ದು. ಬೀದಿ ಬದಿಯ ಮೇನ್ ಪೆಟ್ಟಿಗೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಅಕ್ಕ ಒಂದೊಂದನ್ನೂ ಎಣಿಸಿದಳು. ಹದಿಮೂರರ ನಂತರ ಹೆಜ್ಜೆ ಕೇಳಿಸಲಿಲ್ಲ. ಕೇಳಿಸಿದ್ದು ಅವಳ ಕಿವಿಯೊಳಗಿನ ಗುಯ್‌ಗುಟ್ಟುವಿಕೆ ಮಾತ್ರ. ಸ್ಟೂಲಿನಿಂದ ಇಳಿಯದೆ, ತಲೆಯ ಮೇಲಿದ್ದ ಬಲ್ಬನ್ನೇ ನೋಡುತ್ತ ನಿಂತಳು. ಅಷ್ಟು ಸಣ್ಣ ವಸ್ತುವಿಗೆ ಅವಳು ಹುಟ್ಟಿದಾಗಿನಿಂದ ಯಾವತ್ತೂ ಅಷ್ಟು ಹೆದರಿರಲಿಲ್ಲ.

ಬಾಗಿಲಿಗೆ ಧಡ್ ಎಂದು ಹೆಗಲು ಬಡಿಯಿತು. ಎರಡನೆಯ ಸಲ. ಮೂರನೆಯ ಸಲಕ್ಕೆ ಬಾಗಿಲು ಸ್ಪಂಜು ಹರಿದುಕೊಂಡು ತೆರೆಯಿತು. ಸೂಜಿ ಮೂಗಿಗೆ ಸೆರಗು ಹಿಡಿದು, ಅಕ್ಕನನ್ನು ಸೊಂಟಕ್ಕೆ ಕೈಹಾಕಿ ಇಳಿಸಿ, ಅಂಗಳಕ್ಕೆ ಎಳೆದುಕೊಂಡು ಬಂದಳು. ನಲ್ಲಿಯ ಕೆಳಗೆ ಅವಳ ಕಾಲು ಹಿಡಿದು ತೊಳೆದಳು. ಅಕ್ಕ ಎರಡು ಸಲ ವಾಂತಿ ಮಾಡಿಕೊಂಡಳು.

"ಮೇನ್?"

"ಆರಿಸಿದೀನಿ. ನನ್ ಮಕ್ಕಳಾಣೆಗೂ ಆರಿಸಿದೀನಿ. ಉಸಿರು ತಗೊಳ್ಳಿ ಮೊದ್ಲು."

ಆಗಲೇ ಎದುರಿನ ಝೆರಾಕ್ಸ್ ಅಂಗಡಿಯ ಯಂತ್ರ ಗುರ್ರ್ ಎಂದು ತಿರುಗಿತು. ಪಕ್ಕದ ಮನೆಯಲ್ಲಿ ಟೀವಿ ನಡುಮಾತಿನಿಂದ ಬಾಯಿ ತೆರೆಯಿತು. ಬೀದಿಗೆಲ್ಲ ಕರೆಂಟ್ ಬಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರೂ ಹಿಂದಿನ ಕೋಣೆಯ ಬಾಗಿಲನ್ನೇ ನೋಡುತ್ತ ಕೂತರು. ಸೂಜಿ ಅಕ್ಕನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮರುದಿನ ಅಲ್ಲಿ ನಾಲ್ಕು ನೀಲಿ ಬೆರಳಿದ್ದವು.

ಸಂಜೆ ಗಂಡಂದಿರು ಬಂದು ಕೋಣೆಯನ್ನು ಗಾಳಿಗೆ ಬಿಟ್ಟು, ಮರಳು ಹಾಕಿ ಗುಡಿಸಿದರು. ಮುಚ್ಚಳ ಮೇಜಿನ ಕೆಳಗೆ ಸಿಕ್ಕಿತು. ಥಿನ್ನರಿನಲ್ಲಿ ನೆನೆದ ಅರ್ಧ ಭಾಗ ಮೆತ್ತಗಾಗಿ, ತರಿಯೆಲ್ಲ ಅಳಿಸಿ, ಅಂಟಿನಂತೆ ನೆಲಕ್ಕೆ ಹಿಡಿದುಕೊಂಡಿತ್ತು.

ಡಾಕ್ಟರಿಗೆ ಅಕ್ಕ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವರು ಕಾರಿನೊಳಗೆ ಹೋಗಿ, ಮುಚ್ಚಳವಿಲ್ಲದ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತರು. ಹೊರಗೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ. "ಮಾಡೋಕಾದ್ರೆ ಇನ್ನೊಂದು ಮಾಡಿ. ಆದ್ರೆ ಆ ಕೋಣೇಲಿ ಬೇಡ" ಎಂದಷ್ಟೇ ಹೇಳಿ ಹೋದರು.

ಹನ್ನೊಂದು ದಿನ ಅಕ್ಕ ಥಿನ್ನರ್ ಮುಟ್ಟಲಿಲ್ಲ. ಮನೆಯಲ್ಲಿ ಯಾರಾದರೂ ಸ್ವಿಚ್ ಒತ್ತಿದರೆ ಹೆಗಲು ಕುಗ್ಗುತ್ತಿತ್ತು. ಹನ್ನೆರಡನೆಯ ದಿನ ಕರಗದೆ ಉಳಿದ ಅರ್ಧವನ್ನು ಅಳತೆಗಿಟ್ಟುಕೊಂಡು, ಹೊಸ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಗಳದಲ್ಲೇ ಮುಚ್ಚಳ ಕಟ್ಟಲು ಕೂತಳು. ಪುಟ್ಟಿ ಹರಡಿದಳು. ಅಚ್ಚು ಒತ್ತುವ ಹೊತ್ತಿಗೆ ಕೈ ನಡುಗಿತು. ಅಚ್ಚು ಒಂದು ಕೂದಲೆಳೆ ಸರಿದರೂ ತರಿ ಕಲಸಿಹೋಗುತ್ತದೆ.

"ನಂಗಾಗಲ್ಲ ಕಣೇ" ಎಂದಳು. "ನೀನೇ ಒತ್ತು."

"ನಾನಾ? ಕೆಡಿಸಿಬಿಟ್ರೆ?"

"ಕೆಡ್ಸು. ನೋಡೋಣ."

ಸೂಜಿ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅಕ್ಕ ಎಲ್ಲಿ ಹೆಬ್ಬೆರಳು, ಎಲ್ಲಿ ಅಂಗೈ ಎಂದು ಹೇಳಿಕೊಟ್ಟಳು. ಅಚ್ಚು ಎತ್ತಿದಾಗ ತರಿ ಸರಿಯಾಗಿಯೇ ಮೂಡಿತ್ತು, ಎಡ ಮೂಲೆಯಲ್ಲಿ ಮಾತ್ರ ಸ್ವಲ್ಪ ಮಸುಕು. ಅದನ್ನು ಇಬ್ಬರೂ ಬಾಗಿ ನೋಡಿದರು.

"ಬಣ್ಣ ನೀನೇ ನೋಡಿ ಹೇಳು" ಎಂದು ಅಕ್ಕ ಎದ್ದು ಅಡಿಗೆಮನೆ ಕಡೆ ನಡೆದಳು. ಅಲ್ಲಿ ಮಬ್ಬು ಕವಿದಿತ್ತು. ಲೈಟ್ ಹಾಕದೆಯೇ ತಡಕಾಡಿ ಒಂದು ಲೋಟ ನೀರು ಕುಡಿದಳು.