ಕಬ್ಬಿಣಕ್ಕೆ ಔಷಧ

"ಏ, ದೂರ ನಿಂದ್ರಲೇ ಸೂಳಿಮಗನ! ಕೊಳತ ಮೀನ ನಾರಿದಂಗ ನಾರಾಕತ್ತಿ!"

ಸೂಪರ್‌ವೈಸರ್ ಬಸಲಿಂಗಯ್ಯ ಮೂಗಿಗೆ ಕರವಸ್ತ್ರ ಹಿಡಿದಿದ್ದ. ಸುಭಾಸ ಹೆಗಲ ಮೇಲಿನ ಕ್ಯಾನು ಇಳಿಸಿದ. ನಾತ ಬರುತ್ತಿದ್ದುದು ಅದರೊಳಗಿನ ಅಮೈನ್ ಎಂಬ ಕೆಮಿಕಲ್ಲಿನಿಂದ. ನೋಡಲು ನೀರಿನಷ್ಟೇ ತಿಳಿ. ದಾಂಡೇಲಿಯ ಆ ಕಾರ್ಖಾನೆಯಲ್ಲಿ ಅದನ್ನು ಬಾಯ್ಲರಿನ ನೀರಿಗೆ ಬೆರೆಸುತ್ತಿದ್ದರು. ಉಗಿಯ ಜೊತೆ ಪೈಪುಗಳಲ್ಲೆಲ್ಲ ಓಡಾಡಿ, ನೀರಿನ ಹುಳಿ ಮುರಿದು, ಕಬ್ಬಿಣಕ್ಕೆ ತುಕ್ಕು ಹತ್ತದಂತೆ ಅದು ಕಾಯುತ್ತಿತ್ತು. ತೊಟ್ಟಿಗೆ ಸುರಿಯುವುದು ಗುತ್ತಿಗೆ ಕೂಲಿ ಸುಭಾಸನ ಕೆಲಸ. ಅಲ್ಲೇ ಕಸ ಹೊಡೆಯುವುದು ಅವನ ಹೆಂಡತಿ ಮಾಲವ್ವನದು.

"ಸಾಹೇಬ್ರ, ಮೂರ ದಿನಾ ಆತು, ಇದರ ಹಬಿ ಬಡದ ಎಲ್ಲಾ ನೀಲಿ ಮಂಜ ಕವದಂಗ ಕಾಣಾಕತ್ತೈತ್ರಿ. ಲೈಟಿನ ಸುತ್ತ ಬಳಿ ಕಾಣ್ತಾವ್ರಿ. ಕಣ್ಣಿಗೆ ಹಾಕ್ಕೊಳ್ಳಾಕ ಒಂದ ಕನ್ನಡಕಾ ಕೊಡಸ್ರಿ."

"ಮುಂಜಾನೆದ್ದ ಕುಡದ ಬಂದ್ರ ಎಲ್ಲಾ ಬಣ್ಣಾ ಕಾಣ್ತಾವಲೇ. ಸುರಿ!"

ಸುಭಾಸ ಸುರಿದ. ಮಬ್ಬುಗಣ್ಣಿಗೆ ತೊಟ್ಟಿಯ ಬಾಯಿ ತಪ್ಪಿತು. ಕ್ಯಾನು ಜಾರಿ ಅಮೈನ್ ಮುಖಕ್ಕೆ ಸಿಡಿಯಿತು.

ಅವನ ಚೀರಾಟಕ್ಕೆ ಮಾಲವ್ವ ಪೊರಕೆ ಒಗೆದು ಓಡಿಬಂದಳು. ನಳ ತಿರುವಿದಳು, ನೀರಿಲ್ಲ. ಕ್ಯಾಂಟೀನಿನಿಂದ ಕೊಡ ತರುವಷ್ಟರಲ್ಲಿ ಬಲಗಣ್ಣು ಬೆಂದ ತತ್ತಿಯ ಹಾಗೆ ಬೆಳ್ಳಗಾಗಿತ್ತು. ಹುಬ್ಬಳ್ಳಿಯ ಡಾಕ್ಟರು ಅದು ಹೋಯಿತೆಂದರು. ಎಡಗಣ್ಣಿಗೂ ಪಟ್ಟಿ ಕಟ್ಟಿದರು.

ನಾಲ್ಕನೆಯ ದಿನ ಮ್ಯಾನೇಜರ್ ಮಾಲವ್ವನನ್ನು ಕರೆಸಿದ. ಮೇಜಿನ ಮೇಲೆ ಟೈಪು ಮಾಡಿದ ಹಾಳೆ. ಬಸಲಿಂಗಯ್ಯನೇ ಓದಿ ಹೇಳಿದ: ಸುಭಾಸ ಕುಡಿದು ಬಂದಿದ್ದ, ತಾನೇ ಬಿದ್ದ, ಕೆಮಿಕಲ್ಲಿನಿಂದ ಏನೂ ಆಗಿಲ್ಲ.

"ಸಹಿ ಮಾಡು. ಇಲ್ಲಾಂದ್ರ ನಾಳಿಂದ ನಿನಗೂ ಕೆಲಸಿಲ್ಲ," ಎಂದು ಪೆನ್ನು ಚಾಚಿದ.

"ಅದರಿಂದ ಏನೂ ಆಗಂಗಿಲ್ಲೇನ್ರಿ?"

"ಏನಾಗ್ತೈತಿ? ಬಾಯ್ಲರಿಗೆ ಹಾಕೂ ಔಷಧಿ ಅದು," ಎಂದ ಮ್ಯಾನೇಜರ್.

ಮಾಲವ್ವ ಹೊರಗೆ ಹೋದಳು. ಮರಳಿ ಬಂದಾಗ ಕೈಯಲ್ಲಿ ಅಮೈನ್ ತುಂಬಿದ ಪ್ಲಾಸ್ಟಿಕ್ ಮಗ್ಗು. ಅದನ್ನು ಆ ಹಾಳೆಯ ಮೇಲೆಯೇ ಇಟ್ಟು ಹಿಡಿದುಕೊಂಡಳು.

"ಔಷಧಿ ಅಲ್ರಿ? ನಿಮ್ಮಾಗ ಒಬ್ಬರು ಒಂದ ಹನಿ ಕಣ್ಣಾಗ ಬಿಟ್ಕೋರಿ. ಆಮ್ಯಾಲ ಸಹಿ ಮಾಡ್ತೇನಿ."

ಮ್ಯಾನೇಜರ್ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಬಸಲಿಂಗಯ್ಯ ಗೋಡೆಗೆ ಒತ್ತಿ ನಿಂತು ಚೀರಿದ:

"ಹುಚ್ಚ ರಂಡಿ, ಮೊದಲ ಅದನ್ನ ಹೊರಗ ಒಯ್ಯಿ!"

ತುಳುಕಿದ್ದು ಅವಳ ಬೆರಳುಗಳ ಮೇಲೆ ಹರಿದು ಚರ್ಮ ಬೆಳ್ಳಗೆ ಸುಲಿಯುತ್ತಿತ್ತು. ಅವಳು ಮಗ್ಗಿನ ಹಿಡಿ ಬಿಡಲಿಲ್ಲ.

"ಯಾರು ಬರ್ತೀರಿ?" ಎಂದು ಕೇಳಿದಳು.