ಮಡಚದ ಕಾಲು

ನಿಂಗಣ್ಣ ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಹಲ್ಲು ಕಚ್ಚಿ ಒತ್ತಿದ. ಜಪ್ಪಯ್ಯ ಅಂದರೂ ಅದು ಮಡಚಲಿಲ್ಲ. ಪಡಸಾಲೆಯ ಗೋಡೆಗೆ ಆನಿಸಿ, ಹಣೆತುಂಬ ವಿಭೂತಿ ಬಳಿದು ಕೂರಿಸಿದ್ದ ಗಿರಿಮಲ್ಲಪ್ಪನ ಬಲಗಾಲು ಹೇಳಿದ ಮಾತು ಕೇಳಿ ಮಡಚಿಕೊಂಡಿತ್ತು. ಎಡಗಾಲು ಮಾತ್ರ ಪಡಸಾಲೆಯ ನಡುವಿಗೆ ನೆಟ್ಟಗೆ ಚಾಚಿಕೊಂಡಿತ್ತು. ಸತ್ತ ಮನೆಗೆ ಮಾತಾಡಿಸಲು ಬಂದವರು ಅದನ್ನು ಸುತ್ತುಹಾಕಿ ಒಳಗೆ ಬರುತ್ತಿದ್ದರು.

“ಇದು ಬಗ್ಗವಲ್ದಲ್ಲವಾ,” ಎಂದು ನಿಂಗಣ್ಣ ಬೆವರು ಒರೆಸಿಕೊಂಡ. ಬನಹಟ್ಟಿಯ ಆ ಓಣಿಯಲ್ಲಿ ಯಾರು ಸತ್ತರೂ ಕೂರಿಸುವುದಕ್ಕೆ ಅವನೇ ಬರಬೇಕು.

“ಜೀವಂತ ಇದ್ದಾಗ ಬಗ್ಗಲಿಲ್ಲ. ಈಗೆಲ್ಲಿ ಬಗ್ಗತೈತಿ ಯಣ್ಣಾ,” ಎಂದಳು ಗಿರಿಮಲ್ಲಪ್ಪನ ಹೆಂಡತಿ ಶೇವಂತಿ.

ಇವರಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಕಾಲು ಮಡಚಿ ಕೂರಿಸಬೇಕು, ವಿಮಾನ ಎಂದು ಕರೆಯುವ ಬಿದಿರಿನ ಆಸನದಲ್ಲಿ ಕೂರಿಸಿಯೇ ಹೊರಬೇಕು, ಕುಣಿಯೊಳಗೂ ಕೂರಿಸಿಯೇ ಮಣ್ಣು ಕೊಡಬೇಕು. ಅಂಗಳದಲ್ಲಿ ವಿಮಾನಕ್ಕೆ ಚೆಂಡುಹೂವಿನ ಮಾಲೆ ಸುತ್ತುತ್ತಿದ್ದವರು ಆಗಾಗ ಬಾಗಿಲಿಗೆ ಬಂದು ಆ ಕಾಲನ್ನು ನೋಡಿ, ಲೊಚಗುಟ್ಟಿ ಹೋಗುತ್ತಿದ್ದರು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಬಂದವನು ಗುರುಸಿದ್ದ. ಬಜಾರಿನ ದೊಡ್ಡ ಸೀರೆ ಅಂಗಡಿಯವನು, ನಗರಸಭೆ ಚುನಾವಣೆಗೆ ನಿಂತು ಸೋತವನು, ಸೋತ ದಿನದಿಂದ ಬಿಳಿ ಬಟ್ಟೆ ಬಿಟ್ಟು ಬೇರೆ ಉಡದವನು. ಹೈಸ್ಕೂಲಿನಲ್ಲಿ ಗಿರಿಮಲ್ಲಪ್ಪ ಆಡುತ್ತಿದ್ದ ಕಬಡ್ಡಿ ತಂಡಕ್ಕೆ ಅವನೇ ಕ್ಯಾಪ್ಟನ್. ಹಿಂದೆ ಅದೇ ತಂಡದ ಮಾಂತೇಶ ಬಂದ. ಅವನ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ಶೀಲ್ಡು. ಆ ತಂಡ ಗೆದ್ದ, ಶಾಲೆಯಲ್ಲಿ ಇರಬೇಕಾದ ಶೀಲ್ಡು ಅದು. ಶಾಲೆಯ ಕಪಾಟಿಗೆ ಬೀಗವಿಲ್ಲ ಎಂದು ನೆಪ ಹೇಳಿ ಗುರುಸಿದ್ದ ತಂದಿಟ್ಟುಕೊಂಡಿದ್ದ. ಅಂದಿನಿಂದ ಅದು ಅವನ ಅಂಗಡಿಯ ಗಾಜಿನ ಬೀರುವಿನಲ್ಲಿ ಮದುವೆ ಸೀರೆಗಳ ನಡುವೆ ಹೊಳೆಯುತ್ತಿತ್ತು.

“ಹುಲಿ ಹೋತರಿ ವೈನಿ, ಹುಲಿ,” ಎಂದ ಗುರುಸಿದ್ದ, ಬಾಗಿಲಲ್ಲೇ ಧ್ವನಿ ಗದ್ಗದ ಮಾಡಿಕೊಂಡು.

ಹೋದ ವರ್ಷ ಆ ಹುಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಈ ಮಹಾಶಯ ಬಾಗಿಲ ತನಕವೂ ಬಂದಿರಲಿಲ್ಲ. ವಾಟ್ಸ್ಯಾಪಿನಲ್ಲಿ ಕೈಮುಗಿದ ಚಿತ್ರವೊಂದನ್ನು ಕಳಿಸಿದ್ದ, ಅಷ್ಟೇ.

ಗುರುಸಿದ್ದ ಶೀಲ್ಡು ಇಸಿದುಕೊಂಡು ಹೆಣದ ತೊಡೆಯ ಮೇಲಿಟ್ಟ. “ಮಾಂತೇಶ, ಒಂದ ಫೋಟೋ ಹೊಡಿ. ನಾನೂ ಬರಂಗ ಹೊಡಿ.” ಚಾಚಿದ ಕಾಲಿನ ಕಡೆಗೆ ತೊಡೆ ಇಳಿಜಾರಾಗಿತ್ತು. ಶೀಲ್ಡು ಜಾರಿ ಠಣ್ಣೆಂದು ಕೆಳಗೆ ಬಿತ್ತು. ಎತ್ತಿ ಮತ್ತೆ ಇಟ್ಟ. ಮತ್ತೆ ಬಿತ್ತು.

“ನಿಂಗಣ್ಣಾ, ಈ ಕಾಲಿಂದೊಂದು ಏನರ ಮಾಡಪಾ.”

“ಏನ್ ಮಾಡ್ಲಿರಿ? ಕೀಲ ಕೂಡಿಬಿಟ್ಟೈತಿ.”

“ಹಂಗಾರ ಮುರದ ಬಿಡು. ಸತ್ತಾವಗ ಏನ್ ನೋವು?”

ನಿಂಗಣ್ಣ ಶೇವಂತಿಯ ಮುಖ ನೋಡಲಿಲ್ಲ. ಒಳಗಿನ ಕೋಣೆಯ ಕಡೆ ತಿರುಗಿ ಮೆಲ್ಲಗೆ ಕೇಳಿದ, “ಮನ್ಯಾಗ ಒನಕಿ ಐತೇನವಾ?”

*

ಮುಧೋಳದ ಮೈದಾನದಲ್ಲಿ ಆವತ್ತು ಹೈಸ್ಕೂಲು ಕಬಡ್ಡಿಯ ಫೈನಲ್ಲು. ಎದುರಿಗೆ ಬೀಳಗಿಯ ಹುಡುಗರು. ಅಂಕ ಸಮ ಸಮ, ಉಳಿದದ್ದು ಒಂದೇ ರೇಡು. ಹೋಗಬೇಕಾದವನು ಕ್ಯಾಪ್ಟನ್. ಬೀಳಗಿಯವರ ತೊಡೆಗಳನ್ನು ನೋಡಿದ್ದೇ ಕ್ಯಾಪ್ಟನ್ನನಿಗೆ ಹೊಟ್ಟೆ ಹಿಡಿದುಕೊಂಡಿತು. “ಗಿರ್‍ಯಾ, ನೀ ಹೋಗಲೇ,” ಎಂದ. ಹೋಗು ಅಂದರೆ ಸಾಕು, ಹತ್ತನೆಯ ಇಯತ್ತೆಯ ಗಿರಿಮಲ್ಲಪ್ಪ ಬಾವಿಗೂ ಹಾರುವವನೇ.

ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಮೂವರು ಎಡಗಾಲಿಗೆ ಬಿದ್ದರು. ಅವರು ಹಿಂದಕ್ಕೆ ಎಳೆದರು, ಇವನು ಮುಂದಕ್ಕೆ ತೆವಳಿದ. ಮೊಣಕಾಲಿನಲ್ಲಿ ಏನೋ ಲಟ್ಟೆಂದಿತು. ಅದೇ ಹೊತ್ತಿಗೆ ಬೆರಳು ಸುಣ್ಣದ ಗೆರೆ ಮುಟ್ಟಿತು. ಸೀಟಿ ಮೊಳಗಿತು. ತಂಡದವರೆಲ್ಲ ಹೋ ಎಂದು ಓಡಿ ಗುರುಸಿದ್ದನನ್ನು ಹೆಗಲ ಮೇಲೆ ಎತ್ತಿಕೊಂಡರು. ಹೊಟ್ಟೆನೋವು ಎಲ್ಲಿ ಹೋಗಿತ್ತೋ, ಅವನು ಮೇಲಿನಿಂದ ಕೈ ಬೀಸುತ್ತಿದ್ದ. ಗಿರಿಮಲ್ಲಪ್ಪ ಗೆರೆಯ ಆಚೆಗೆ ಕೈ ಚಾಚಿಕೊಂಡು ಮಣ್ಣಿನಲ್ಲಿ ಬಿದ್ದಿದ್ದ. “ಕೈ ಕೊಡ್ರಲೇ,” ಎಂದು ಕೂಗಿದ. ಯಾರಿಗೆ ಕೇಳಬೇಕು?

ಮುಧೋಳದಲ್ಲೇ ದವಾಖಾನೆ ಇತ್ತು. ಡ್ರಿಲ್ ಮಾಸ್ತರರು ಹೋಗೋಣ ಎಂದೂ ಅಂದರಂತೆ. ಕ್ಯಾಪ್ಟನ್ ಒಪ್ಪಲಿಲ್ಲ. ಊರಲ್ಲಿ ಹಲಗೆ ಬಾರಿಸುವವರು ಕಾದಿದ್ದಾರೆ, ಹೊತ್ತು ಮುಳುಗಿದರೆ ಮೆರವಣಿಗೆ ಯಾರು ನೋಡುತ್ತಾರೆ, ಕಾಲು ನಾಳೆಯೂ ಇರುತ್ತದೆ ಎಂದ. ಮಾಸ್ತರರಿಗೂ ಮೆರವಣಿಗೆಯ ಆಸೆ ಇತ್ತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಒಂದು ಕುರ್ಚಿ ಇಟ್ಟು ಗಿರಿಮಲ್ಲಪ್ಪನನ್ನು ಕೂರಿಸಿದರು. ಗುರುಸಿದ್ದ ಅವನ ಮುಂದೆ ಶೀಲ್ಡು ಎತ್ತಿ ಹಿಡಿದು ನಿಂತ. ರಬಕವಿಯಲ್ಲೆಲ್ಲ ಸುತ್ತಿ, ಬನಹಟ್ಟಿಯ ಬಜಾರಿಗೆ ಬರುವ ಹೊತ್ತಿಗೆ ಮೊಣಕಾಲು ಕುಂಬಳಕಾಯಿ ಆಗಿತ್ತು.

ಶೇವಂತಿ ಆಗ ಎಂಟನೆಯ ಇಯತ್ತೆ. ಹಲಗೆಯ ಸಪ್ಪಳ ಕೇಳಿ ಕಟ್ಟೆಗೆ ಓಡಿಬಂದಿದ್ದಳು. ಮುಖಕ್ಕೆಲ್ಲ ಗುಲಾಲು ಮೆತ್ತಿಕೊಂಡ ಹುಡುಗನೊಬ್ಬ, ಕಾಲು ಅಲುಗದಂತೆ ಎರಡೂ ಕೈಯಿಂದ ತಾನೇ ಎತ್ತಿ ಹಿಡಿದುಕೊಂಡು, ಟ್ರೇಲರು ಕುಲುಕಿದಾಗಲೆಲ್ಲ ಕಣ್ಣಲ್ಲಿ ನೀರು ತಂದುಕೊಂಡು, ಹಲ್ಲು ಕಿರಿದು ನಗುತ್ತಿದ್ದ. ಇಂಥ ಹುಚ್ಚನನ್ನು ಯಾವಳು ಕಟ್ಟಿಕೊಳ್ಳುತ್ತಾಳೋ ಪಾಪ, ಅಂದುಕೊಂಡಿದ್ದಳು. ಕಟ್ಟಿಕೊಂಡವಳು ಅವಳೇ.

ಮರುದಿನ ಎಲುಬು ಕಟ್ಟುವವನ ಹತ್ತಿರ ಒಯ್ದಾಗ ಅವನು ದಬ್ಬೆ ಇಟ್ಟು ಬಿಗಿದ. ದಬ್ಬೆ ಬಿಚ್ಚಿದ ಮೇಲೆ ಕಾಲು ಮಡಚುವುದನ್ನೇ ಮರೆತಿತ್ತು.

*

ಮನೆಯಲ್ಲಿ ಅಪ್ಪನ ಕಾಲದ ಕುಣಿಮಗ್ಗವಿತ್ತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ನೆಟ್ಟಗೆ ನಿಲ್ಲುವ ಕಾಲಿಗೆ ಅಲ್ಲಿ ಏನು ಕೆಲಸ? ಓಣಿಯ ಗಂಡಸರು ನೇಯುವಾಗ ಗಿರಿಮಲ್ಲಪ್ಪ ಹೆಂಗಸರ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದ. ಬದುಕಿಡೀ ಸುತ್ತಿದ. ಮದುವೆ ಮುಂಜಿಗಳಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕೂತು ಉಂಡರೆ, ಅವನು ಮೂಲೆಯಲ್ಲಿ ತಾಟು ಹಿಡಿದು ನಿಂತು ಉಂಡ. ಅದಕ್ಕೂ ಬೇಸರವಿಲ್ಲ. ಯಾರಾದರೂ ಕಾಲಿನ ಸುದ್ದಿ ಕೇಳಿದರೆ ಸಾಕು, ಮುಧೋಳದ ಮೈದಾನದಿಂದ ಶುರು.

ಶಾಲೆಯ ಸುವರ್ಣ ಮಹೋತ್ಸವದಲ್ಲಿ ತಂಡವನ್ನು ವೇದಿಕೆಗೆ ಕರೆದರು. ಗುರುಸಿದ್ದ ಮೈಕು ಹಿಡಿದು, ಕೊನೆಯ ರೇಡಿಗೆ ತಾನು ಹೇಗೆ ನುಗ್ಗಿದೆ, ಬೀಳಗಿಯ ಮೂವರನ್ನು ಹೇಗೆ ಎಳೆದುಕೊಂಡು ಬಂದು ಗೆರೆ ಮುಟ್ಟಿದೆ ಎಂದು ಕೈಕಾಲು ಆಡಿಸಿ ಹೇಳಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಗಿರಿಮಲ್ಲಪ್ಪ.

ಮನೆಗೆ ಬಂದು ಶೇವಂತಿ ಬೆಂಕಿಯಾದಳು. “ನಿನ್ನ ಕಾಲೂ ತಿಂದ, ನಿನ್ನ ರೇಡೂ ತಿಂದ. ಚಪ್ಪಾಳಿ ಬ್ಯಾರೆ ಹೊಡಿತಿ?”

“ಹೇಳ್ಕೊಳ್ಳಿ ಬಿಡ. ಗೆದ್ದದ್ದಂತೂ ಖರೆ ಹೌದಿಲ್ಲೋ?”

ಆ ಮಾತಿಗೆ ಅವಳಿಗೆ ಗಂಡನ ಮೇಲೆ ಹೇಸಿಕೆ ಬಂತು. ದಿನಾ ಸಂಜೆ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದವಳು ಅಂದು ತಿಕ್ಕಲಿಲ್ಲ. ಅವನು ಕೇಳಲೂ ಇಲ್ಲ. ಮರುದಿನ ಸಂಜೆ ತಾನೇ ಎಣ್ಣೆಯ ಬಟ್ಟಲು ತಂದು ಕೂತಳು. ಅವನು ಹುಚ್ಚನೇ ಇರಬಹುದು, ಆ ಕಾಲು ಮಾತ್ರ ಅವಳದಾಗಿತ್ತು.

*

ಒನಕೆ ಬಂತು. ತಂದವಳು ಗಿರಿಮಲ್ಲಪ್ಪನ ಅಕ್ಕ ತಂಗೆವ್ವ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಏನ್ ಮಾಡೂದವಾ ಶೇವಂತಿ, ಪದ್ಧತಿ ಬಿಡಾಕ ಬರೂದಿಲ್ಲ. ಒಂದ ಏಟಿನ್ಯಾಗ ಆಕ್ಕೈತಿ. ನೀ ಒಳಗ ಹೋಗು.”

ಶೇವಂತಿ ಒಳಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಎದುರಿಗೆ ಕೂತು, ಚಾಚಿದ ಕಾಲನ್ನು ದಿನದಂತೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಹೊಡಿ ಯಣ್ಣಾ. ನನ್ನ ತೊಡಿ ಮ್ಯಾಲ ಹೊಡಿ.”

ನಿಂಗಣ್ಣ ಒನಕೆಯನ್ನು ಗೋಡೆಗೆ ಆನಿಸಿಟ್ಟ.

“ವೈನಿ, ಶಾಣ್ಯಾಕಿ ಇದ್ದೀರಿ. ಹಿಂಗ ಹಟ ಹಿಡದ್ರ ಹ್ಯಾಂಗರಿ?” ಗುರುಸಿದ್ದ ಹೆಣದ ಮನೆಯಲ್ಲೂ ಭಾಷಣದ ಧ್ವನಿ ಬಿಡಲಿಲ್ಲ. “ಕಾಲ ಚಾಚಿದ ಹೆಣಾನ ವಿಮಾನದಾಗ ಹ್ಯಾಂಗ ಒಯ್ಯೂದ್ರಿ? ಮಂದಿ ನಗ್ತಾರ.”

“ಆವತ್ತ ಟ್ಯಾಕ್ಟರನ್ಯಾಗ ಹ್ಯಾಂಗ ಒಯ್ದ್ರಿ ಗುರುಸಿದ್ದಣ್ಣಾರ? ಆವತ್ತೂ ಕಾಲ ಚಾಚೇ ಇತ್ತು. ಮಂದಿ ನಗಲಿಲ್ಲ, ಗುಲಾಲ ಹಾಕಿದ್ರು.”

“ಅದು ಬ್ಯಾರೆ ಮಾತರಿ…”

“ಮಾತ ಒಂದ. ಇದನ್ನ ಒಮ್ಮಿ ಮುರದೀರಿ. ಎರಡನೇ ಸಲ ಮುರೀಲಿಕ್ಕೆ ನಾ ಕೊಡಾಕಿ ಅಲ್ಲ. ಆವತ್ತ ಅವನ ಕಾಲ ಅವನ ಹಿಡ್ಕೊಂಡಿದ್ದ. ಇವತ್ತ ಅವನ ಕೈಲೆ ಆಗೂದಿಲ್ಲ. ನೀವು ಹಿಡೀರಿ.”

ಪಡಸಾಲೆಯ ಹೆಂಗಸರೆಲ್ಲ ಗುರುಸಿದ್ದನ ಕಡೆ ತಿರುಗಿದರು. ಅವನು ಮಾಂತೇಶನನ್ನು ನೋಡಿದ. ಮಾಂತೇಶ ಮೊಬೈಲು ನೋಡಿದ. ಕೆಳಗೆ ಬಿದ್ದಿದ್ದ ಶೀಲ್ಡನ್ನು ತಂಗೆವ್ವ ಎತ್ತಿ ಮಾಂತೇಶನ ಕೈಗೆ ಕೊಟ್ಟು, “ಹಿಡೀಪಾ, ನಿಮ್ಮದ ನೀವ ಇಟ್ಕೋರಿ,” ಎಂದಳು.

*

ಬನಹಟ್ಟಿಯ ಬಜಾರಿನಲ್ಲಿ ಅಂಥ ಮೆರವಣಿಗೆಯನ್ನು ಯಾರೂ ನೋಡಿರಲಿಲ್ಲ. ಮುಂದೆ ಭಜನೆಯವರು, ನಡುವೆ ಹೂವಿನ ವಿಮಾನ, ವಿಮಾನದ ಹೊರಗೆ ಚಾಚಿದ ಕಾಲು. ಅದರ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದು, ಹೊತ್ತವರ ಹೆಜ್ಜೆಗೆ ಹೆಜ್ಜೆ ಹಾಕಲಾರದೆ ಎಡವುತ್ತ ಬರುತ್ತಿದ್ದ ಗುರುಸಿದ್ದ. ಹಿಮ್ಮಡಿಯ ವಿಭೂತಿ ಅವನ ಕಣ್ಣಿಗೆ ಉದುರುತ್ತಿತ್ತು. ಅವನ ಸೀರೆ ಅಂಗಡಿಯ ಮುಂದೆ ಬಂದಾಗ ಕೆಲಸದವರು ಬಾಗಿಲಿಗೆ ಬಂದು ನಿಂತು, ಯಜಮಾನನನ್ನು ಕಂಡು ತಲೆ ತಗ್ಗಿಸಿದರು. ನಗು ತಡೆಯಲಿಕ್ಕೋ, ಹೆಣಕ್ಕೆ ಮರ್ಯಾದೆ ಕೊಡಲಿಕ್ಕೋ ತಿಳಿಯಲಿಲ್ಲ. ಹಿಂದೆ ನಡೆಯುತ್ತಿದ್ದ ಶೇವಂತಿಗೆ ಅಳು ಬಂತು. ಇದನ್ನು ನೋಡಿದ್ದರೆ ಹುಚ್ಚ ಎಷ್ಟು ನಗುತ್ತಿದ್ದ ಎನ್ನಿಸಿ ಬಂದ ಅಳು ಅದು.

ಕುಣಿಯನ್ನು ಕಾಲು ಮಡಚಿ ಕೂರುವವರ ಅಳತೆಗೆ ತೋಡಿದ್ದರು. ಕಾಲು ಹಿಡಿದವನೇ ಮೊದಲು ಒಳಗಿಳಿದು ಇಳಿಸಿಕೊಳ್ಳಬೇಕಾಯಿತು. ಎದುರಿನ ಗೋಡೆಗೆ ಹಿಮ್ಮಡಿ ತಾಗಿ ಹೆಣ ಕೂರಲಿಲ್ಲ. ನಿಂಗಣ್ಣ ಮೇಲಿನಿಂದ ಗುದ್ದಲಿ ಇಳಿಬಿಟ್ಟ.

“ಕಾಲಿಗೆ ಒಂದ ಗೂಡ ಕೊರೀರಿ ಗುರುಸಿದ್ದಣ್ಣಾರ. ನೀವ ಒಳಗದೀರಿ.”

ಗುರುಸಿದ್ದ ಏದುಸಿರು ಬಿಡುತ್ತ ಕೊರೆದ. ಮಣ್ಣು ಬಿಳಿ ಅಂಗಿಯ ತುಂಬ ಸುರಿಯಿತು. ಕೊನೆಗೆ ಕಾಲು ಗೂಡಿನೊಳಗೆ ಸಲೀಸಾಗಿ ಹೋಯಿತು. ಗಿರಿಮಲ್ಲಪ್ಪ ಕುಣಿಯಲ್ಲಿ ಆರಾಮಾಗಿ ಕೂತ. ಅಯ್ಯನವರು ಮಂತ್ರ ಮುಗಿಸಿ, ಮೊದಲ ಹಿಡಿ ಮಣ್ಣಿಗೆ ಶೇವಂತಿಯನ್ನು ಕರೆದರು.

“ನಾ ಇನ್ನೂ ಒಳಗ ಅದೀನ್ರೀ,” ಗುರುಸಿದ್ದ ಗಾಬರಿಯಾದ. ಎದೆಮಟ್ಟದ ಕುಣಿ, ಹತ್ತಿ ಬರಲು ಅವನ ಮೊಣಕಾಲುಗಳಲ್ಲಿ ಕಸುವಿರಲಿಲ್ಲ. ಕೈ ಮೇಲೆ ಚಾಚಿದ. “ಲೇ ಮಾಂತ್ಯಾ, ಕೈ ಕೊಡಲೇ.”

ಮಾಂತೇಶನ ಎರಡೂ ಕೈ ತುಂಬಿದ್ದವು. ಒಂದರಲ್ಲಿ ಶೀಲ್ಡು, ಇನ್ನೊಂದರಲ್ಲಿ ಮೊಬೈಲು.

ಶೇವಂತಿ ಕುಣಿಯ ಅಂಚಿಗೆ ಬಂದಳು. ಅವಳ ಪಾದದ ಮುಂದೆಯೇ ಆ ಕೈ ಬಂದು ಬಿದ್ದಿತ್ತು, ಬೆರಳುಗಳು ಮಣ್ಣು ಕೆದರುತ್ತಿದ್ದವು. ಅವಳು ಬಾಗಿ, ಕೈಯ ಪಕ್ಕದಲ್ಲೇ ಒಂದು ಹಿಡಿ ಮಣ್ಣು ಬಳಿದುಕೊಂಡಳು. ಆಮೇಲೆ ಆ ಕೈಯನ್ನು ಸುತ್ತುಹಾಕಿ, ಕಾಲಿನ ಗೂಡಿದ್ದ ಕಡೆಗೆ ನಡೆದಳು.